ಬಡವರ ಖಾತೆಗೆ ನೇರವಾಗಿ ಹಣ ಹಾಕಿದರೆ ಹಳ್ಳಿಯ ಕುಟುಂಬಗಳಿಗೆ ನಿಜಕ್ಕೂ ಅನುಕೂಲ ಆಗುತ್ತದಾ?

ಖಂಡಿತ ಆಗುತ್ತದೆ. ನಮ್ಮ ಕೊಡಗನ್ನೇ ನೋಡಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಕೈತುಂಬ ಕೆಲಸ. ಜುಲೈಯಲ್ಲಿ ಮಳೆ ಹಿಡಿದರೆ ಎಷ್ಟೋ ದಿನ ಕೂಲಿಯೇ ಇಲ್ಲ. ಆಗ ತೋಟದ ಲೈನ್ ಮನೆಗಳಲ್ಲಿ ಇರುವ ಕೂಲಿ ಕಾರ್ಮಿಕರು ಅಂಗಡಿಯಲ್ಲಿ ಸಾಲ ಬರೆಸಬೇಕು, ಇಲ್ಲವೇ ತೋಟದ ಮಾಲೀಕರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡು ಮುಂದಿನ ಕೊಯ್ಲಿನಲ್ಲಿ ದುಡಿದು ತೀರಿಸಬೇಕು. 2023ರ ಆಗಸ್ಟ್‌ನಲ್ಲಿ ಶುರುವಾದ, ಮನೆಯ ಯಜಮಾನಿಯ ಖಾತೆಗೆ ರಾಜ್ಯ ಸರ್ಕಾರ ಹಾಕುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೆಲಸಕ್ಕೆ ಬರುವುದು ಇಲ್ಲೇ. ರೇಷನ್ ಅಕ್ಕಿ ಸಿಕ್ಕರೂ ಎಣ್ಣೆ, ಬೇಳೆ, ಒಣಮೀನು, ಮಗುವಿನ ಜ್ವರದ ಮಾತ್ರೆಗೆ ಕೈಯಲ್ಲಿ ದುಡ್ಡು ಬೇಕಲ್ವಾ? ಅಡ್ವಾನ್ಸ್ ಹೊರೆ ಕಮ್ಮಿಯಾದರೆ ಹೆಚ್ಚು ಕೂಲಿ ಕೇಳುವ ಧೈರ್ಯವೂ ಬರುತ್ತದೆ. ನನಗಂತೂ ಇದೇ ದೊಡ್ಡ ಲಾಭ ಅನಿಸುತ್ತದೆ.

ದುಡ್ಡೆಲ್ಲ ಕುಡಿತಕ್ಕೆ ಹೋಗುತ್ತದೆ ಅನ್ನುವವರು ಜಾಸ್ತಿ. ಕೀನ್ಯಾದ ಹಳ್ಳಿಗಳಲ್ಲಿ ಹೀಗೆ ಹಣ ಕೊಟ್ಟು ಅಧ್ಯಯನ ಮಾಡಿದಾಗ ಕುಡಿತದ ಖರ್ಚು ಏರಲಿಲ್ಲ. ಊಟಕ್ಕೆ ಜಾಸ್ತಿ ಖರ್ಚು ಮಾಡಿದರು, ಮನೆಗೆ ತಗಡು ಹಾಕಿಸಿದರು, ದನ ಕೊಂಡರು.

ತೊಡಕು ಬೇರೆ ಕಡೆ ಇದೆ. ಕಂತು ತಡವಾದರೆ ಮತ್ತೆ ಅದೇ ಸಾಲ. ರೇಷನ್ ಕಾರ್ಡ್ ಇಲ್ಲದ ಯರವ, ಜೇನುಕುರುಬ ಆದಿವಾಸಿ ಕುಟುಂಬಗಳಿಗೆ, ಅಂದರೆ ಎಲ್ಲರಿಗಿಂತ ಹೆಚ್ಚು ಬೇಕಾದವರಿಗೇ, ಹಣ ಸಿಗುವುದಿಲ್ಲ. ನಿಮ್ಮ ಕಡೆ ಕಾರ್ಡ್ ಇದ್ದೂ ಹಣ ಬಾರದವರಿದ್ದರೆ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ, ಎಷ್ಟೋ ಸಲ ಅಲ್ಲೇ ನಿಂತಿರುತ್ತದೆ.