ಕಸಾಯಿ ಕೆಲಸದ ಪಗಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಮಟನ್ ಅಂಗಡಿ. ಕುರಿ ಕೊಯ್ಯುವುದರಿಂದ ತೂಗಿ ಕೊಡುವ ತನಕ ಎಲ್ಲಾ ಒಬ್ಬರದೇ ಕೈ. ನೂರು ವರ್ಷದ ಹಿಂದೆ ಅಮೆರಿಕದ ಷಿಕಾಗೋದಲ್ಲಿ ಒಂದು ದನಕ್ಕೆ ನೂರಾರು ಮಂದಿ ಕೈ ಹಾಕುತ್ತಿದ್ದರೆಂದು ಓದಿದೆ. ಅಷ್ಟು ಮಂದಿ ಯಾಕೆ ಬೇಕಿತ್ತು? ಅವರ ಪಗಾರ ಹೇಗಿತ್ತು?
ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಅಷ್ಟು ಮಂದಿ ಕೆಲಸಕ್ಕೆ ಬೇಕಿರಲಿಲ್ಲ, ಮಾಲೀಕರ ಲೆಕ್ಕಕ್ಕೆ ಬೇಕಿತ್ತು. ಮೊದಲು ನಿಮ್ಮ ಅಂಗಡಿಯ ಕೆಲಸವನ್ನೇ ನೋಡಿ. ಕುರಿಯನ್ನು ಹಿಂಗಾಲಿಗೆ ತೂಗುಹಾಕಿದ ಮೇಲೆ ಚೂರಿ ಆಡುವುದು ಕಾಲುಗಳ ಸುತ್ತ ಮತ್ತು ಹೊಟ್ಟೆಯ ನಡುಗೆರೆಯಲ್ಲಿ ಮಾತ್ರ; ಉಳಿದ ಚರ್ಮವನ್ನು ಮುಷ್ಟಿ ತೂರಿಸಿ ಬಿಡಿಸುತ್ತೀರಿ. ಅಲ್ಲಿ ಚೂರಿ ತಾಗಿದರೆ ಚರ್ಮದ ಒಳಮೈಗೆ ಗೀರು ಬಿದ್ದು ಬೆಲೆ ಇಳಿಯುತ್ತದೆ. ಪಿತ್ತದ ಚೀಲ ಒಡೆದರೆ ಕಲೇಜಿ ಕಹಿಯಾಗುತ್ತದೆ. ಕರುಳು ತೂತಾದರೆ ಮಾಂಸ ಬೇಗ ಕೆಡುತ್ತದೆ. 25 ಕಿಲೋ ಕುರಿಯಿಂದ 11-12 ಕಿಲೋ ಮಾಂಸ ತೆಗೆಯುವ ಲೆಕ್ಕವೂ ಅದೇ ಕೈಗೆ ಗೊತ್ತಿರಬೇಕು. ಇಷ್ಟೆಲ್ಲ ಬಲ್ಲ ಆಳು ತಯಾರಾಗಲು ವರ್ಷಗಳು ಹಿಡಿಯುತ್ತವೆ. ಅವನು ಬಿಟ್ಟುಹೋದರೆ ಅಂಗಡಿ ನಿಲ್ಲುತ್ತದೆ. ಹಾಗಾಗಿ ಅವನ ಮಾತಿಗೆ ಬೆಲೆ ಇರುತ್ತದೆ. ಷಿಕಾಗೋದ ಕಂಪನಿಗಳು ಮುರಿದದ್ದು ಈ ಬಲವನ್ನೇ.

ಅಲ್ಲಿನ ವ್ಯವಸ್ಥೆಯನ್ನು ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸ್ 1904ರಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ. 230 ಜನರ ಒಂದು ತಂಡ ಗಂಟೆಗೆ 105 ದನಗಳನ್ನು ಮುಗಿಸುತ್ತಿತ್ತು. ಎಲ್ಲರ ಸಮಯವನ್ನು ಕೂಡಿಸಿ ಭಾಗಿಸಿದರೆ ಒಂದು ದನಕ್ಕೆ ಸುಮಾರು 131 ನಿಮಿಷದ ದುಡಿಮೆ. ಒಬ್ಬ ಸುತ್ತಿಗೆಯಿಂದ ಹೊಡೆದು ಕೆಡವುವವನು, ಒಬ್ಬ ಕಾಲಿಗೆ ಸರಪಳಿ ಬಿಗಿಯುವವನು, ಒಬ್ಬ ಕತ್ತು ಕೊಯ್ಯುವವನು. ತಲೆಗೆ, ಕಾಲಿಗೆ, ಬಾಲಕ್ಕೆ, ಕರುಳಿಗೆ ಬೇರೆ ಬೇರೆ ಕೈ. ಕೂಲಿ ಗಂಟೆಗೆ 16 ಸೆಂಟಿನಿಂದ 50 ಸೆಂಟಿನವರೆಗೆ (ನೂರು ಸೆಂಟಿಗೆ ಒಂದು ಡಾಲರ್). ಆ 230 ಜನರಲ್ಲಿ ಪೂರ್ತಿ 50 ಸೆಂಟು ಸಿಗುತ್ತಿದ್ದದ್ದು 11 ಮಂದಿಗೆ. ಪಕ್ಕೆಯ ಚರ್ಮ ಬಿಡಿಸುವವರು ಮತ್ತು ಬೆನ್ನುಮೂಳೆ ಸೀಳುವವರು ಆ ದರ್ಜೆಯವರು. ಇಲ್ಲಿ ಕೈ ತಪ್ಪಿದರೆ ನಷ್ಟ ದೊಡ್ಡದು: ಪಕ್ಕೆಯಲ್ಲಿ ತೂತಾದರೆ ಇಡೀ ಚರ್ಮದ ದರ್ಜೆ ಇಳಿಯುತ್ತದೆ, ಸೀಳು ಮೂಳೆಯ ನಡುವಿನಿಂದ ಜಾರಿದರೆ ಬೆಲೆಬಾಳುವ ಬೆನ್ನಿನ ಮಾಂಸ ಹಾಳಾಗುತ್ತದೆ. ಉಳಿದ ಕೆಲಸಗಳಲ್ಲಿ ಬಹುಪಾಲನ್ನು ಹೊಸಬನೂ ಕೆಲವೇ ದಿನಗಳಲ್ಲಿ ಕಲಿಯಬಹುದಿತ್ತು. ಅವನನ್ನು ತೆಗೆದು ಇನ್ನೊಬ್ಬನನ್ನು ನಿಲ್ಲಿಸುವುದೂ ಅಷ್ಟೇ ಸುಲಭವಾಗಿತ್ತು.

ಕೌಶಲ ಉಳಿದವರಿಗೂ ನೆಮ್ಮದಿ ಇರಲಿಲ್ಲ. 1884ರಲ್ಲಿ ಐದು ಮಂದಿ ಸೀಳುವವರು ಹತ್ತು ಗಂಟೆಯಲ್ಲಿ 800 ದನ ಮುಗಿಸುತ್ತಿದ್ದರು. ಅಂದರೆ ಒಬ್ಬೊಬ್ಬರು ಗಂಟೆಗೆ 16 ದನ, ಕೂಲಿ 45 ಸೆಂಟು. ಹತ್ತು ವರ್ಷ ಕಳೆಯುವಷ್ಟರಲ್ಲಿ ನಾಲ್ವರೇ 1,200 ಮುಗಿಸಬೇಕಾಯಿತು. ಒಬ್ಬೊಬ್ಬರು ಗಂಟೆಗೆ 30 ದನ, ಕೂಲಿ ಮಾತ್ರ 40 ಸೆಂಟಿಗೆ ಇಳಿಯಿತು. ಕೆಲಸ ಹೆಚ್ಚುಕಡಿಮೆ ಇಮ್ಮಡಿಯಾಗಿ ಕೂಲಿ ಇಳಿದದ್ದು ಘೋರ ಅನ್ಯಾಯ. 1897ರಲ್ಲಿ ಹುಟ್ಟಿದ ಕಸಾಯಿ ಕೆಲಸಗಾರರ ಸಂಘ ಬಲಗೊಂಡ ಮೇಲೆ ವೇಗ ಗಂಟೆಗೆ 25ಕ್ಕೆ ಇಳಿಯಿತು, ಕೂಲಿ 50ಕ್ಕೆ ಏರಿತು.

ಗಂಟೆಯ ದರ ನೋಡಿ ದಿನದ ಸಂಪಾದನೆ ಅಳೆಯಬೇಡಿ. ದನ ಬಂದು ಕೆಲಸ ಶುರುವಾದ ಮೇಲಷ್ಟೇ ಲೆಕ್ಕ. ಬೆಳಗ್ಗೆಯೇ ಬಂದು ಕಾದ ಹೊತ್ತಿಗೆ ಬಿಡಿಗಾಸೂ ಇಲ್ಲ. 16 ಸೆಂಟಿನವನಿಗೆ ಪೂರ್ತಿ ಹತ್ತು ಗಂಟೆ ಸಿಕ್ಕಿದರೆ 1 ಡಾಲರ್ 60 ಸೆಂಟು. ಅಷ್ಟು ಗಂಟೆ ಸಿಗದ ದಿನಗಳೂ ಬಹಳ. ಕೊಯ್ಯುವ ಕಡೆ ಬಿಸಿ ಹಬೆ, ರಕ್ತ ನೀರು ನಿಂತು ಜಾರುವ ನೆಲ. ಮಾಂಸ ಇಡುವ ಕೋಣೆಯಲ್ಲಿ ಕೊರೆಯುವ ಥಂಡಿ. ಎರಡರ ನಡುವೆ ಓಡಾಡುವವರಿಗೆ ಸಂಧಿವಾತ, ಎದೆಯ ರೋಗ. ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸುವ ವಿಭಾಗದಲ್ಲಿ ಸಣ್ಣ ಗಾಯವೂ ಮಾಯದೆ ಕೀವಾಗುತ್ತಿತ್ತು.

ಕೌಶಲವಿಲ್ಲದ ಆಳುಗಳಿಗೆ ಗಂಟೆಗೆ ಕನಿಷ್ಠ 18.5 ಸೆಂಟು ಕೊಡಿ ಎಂದು 1904ರ ಜುಲೈನಲ್ಲಿ ಮುಷ್ಕರ ನಡೆಯಿತು. ಹೆಚ್ಚು ಕೂಲಿಯವರೂ ಕಡಿಮೆ ಕೂಲಿಯವರಿಗಾಗಿ ಕೆಲಸ ಬಿಟ್ಟು ಹೊರಬಂದದ್ದು ಅದರ ದೊಡ್ಡತನ. ಸೆಪ್ಟೆಂಬರಿನಲ್ಲಿ ಸೋತರು. ಎಂಟು ಗಂಟೆಯ ದಿನ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1918ರ ಮಾರ್ಚ್ 30ರಂದು ನ್ಯಾಯಾಧೀಶ ಸ್ಯಾಮ್ಯುಯೆಲ್ ಆಲ್‌ಶುಲರ್ ಕೊಟ್ಟ ತೀರ್ಪಿನಿಂದ. ಯುದ್ಧ ಮುಗಿದ ಮೇಲೆ 1921ರಲ್ಲಿ ಕೂಲಿ ಕಡಿತವಾಯಿತು. ಅದನ್ನು ಎದುರಿಸಿದ ಮುಷ್ಕರವೂ 1922ರ ಆರಂಭದಲ್ಲಿ ಮುರಿದುಬಿತ್ತು.

ಪ್ರಶ್ನೆ: ಕೈ ಕತ್ತರಿಸಿಕೊಂಡವರಿಗೆ ಪರಿಹಾರ ಸಿಗುತ್ತಿತ್ತೇ? ಆ ಕಾಲದಲ್ಲಿ ನಮ್ಮ ಕಡೆ?
ಓದುಗರೊಬ್ಬರು, ಸೊಲ್ಲಾಪುರ

ಉತ್ತರ: ಷಿಕಾಗೋ ಇರುವ ಇಲಿನಾಯ್ ರಾಜ್ಯದ ಪರಿಹಾರ ಕಾಯ್ದೆ 1912ರಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚೆ ಮಾಲೀಕನ ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ಗಾಯಗೊಂಡವನದೇ. ನಮ್ಮಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ 1923ರದ್ದು, ಜಾರಿಯಾದದ್ದು 1924ರ ಜುಲೈ 1ರಿಂದ. ಆಗ ಕೆಲಸದಲ್ಲಿ ಸತ್ತವನ ಕುಟುಂಬಕ್ಕೆ 30 ತಿಂಗಳ ಪಗಾರ ಅಥವಾ 2,500 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮೂರಿನ ಗಿರಣಿ ಕಾರ್ಮಿಕರಿಗೆ ಇದು ಅನ್ವಯಿಸುತ್ತಿತ್ತು. ಒಬ್ಬಿಬ್ಬರು ದುಡಿಯುವ ಮಾಂಸದಂಗಡಿಗೆ ಅಲ್ಲ. ಅಕ್ಕಲಕೋಟೆ, ಜತ್ತ ಆಗ ಸಂಸ್ಥಾನಗಳು. ಬ್ರಿಟಿಷ್ ಇಂಡಿಯಾದ ಕಾಯ್ದೆ ತಾನಾಗಿ ಅಲ್ಲಿ ನಡೆಯುತ್ತಿರಲಿಲ್ಲ.