ಮಿಯಾಟಾದಂಥ ಸ್ಪೋರ್ಟ್ಸ್ ಕಾರಲ್ಲಿ ಮೈಲೇಜ್ ಸಿಗುತ್ತಾ?

ಅಮೆರಿಕದಲ್ಲಿ ಮಾಜ್ದಾ ಮಿಯಾಟಾ ತಗೊಂಡು ದಿನಾ ಆಫೀಸಿಗೆ ಓಡಿಸಿದರೆ ಪೆಟ್ರೋಲ್ ಉಳಿಯುತ್ತಾ ಅಂತ ಕೇಳಿದ್ದೀರಿ. ಖಂಡಿತ ಉಳಿಯುತ್ತದೆ, ಓಡಿಸೋ ರೀತಿ ಗೊತ್ತಿರಬೇಕು ಅಷ್ಟೇ. ಕಾರಿನ ತೂಕ ಸುಮಾರು 1,060 ಕಿಲೋ ಮಾತ್ರ. 2 ಲೀಟರ್ ಎಂಜಿನ್, ಮ್ಯಾನುವಲ್ ಗೇರ್ ಇರೋದಕ್ಕೆ ಹೈವೇಯಲ್ಲಿ ಗ್ಯಾಲನ್‌ಗೆ 34 ಮೈಲಿ ಅಂತ ಅಲ್ಲಿನ ಸರ್ಕಾರಿ ಲೆಕ್ಕ, ಅಂದರೆ ಲೀಟರಿಗೆ 14.5 ಕಿಲೋಮೀಟರ್ ಹತ್ತಿರ.

ನಿಜವಾದ ಉಳಿತಾಯ ಇರೋದು ನಿಮ್ಮ ಬಲಗಾಲಲ್ಲಿ. ದೂರದಲ್ಲಿ ಕೆಂಪು ಸಿಗ್ನಲ್ ಕಂಡ ತಕ್ಷಣ ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಆದರೆ ಗೇರ್‌ನಲ್ಲೇ ಇರಲಿ, ಆಗ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಇಂಜೆಕ್ಟರ್ ಪೆಟ್ರೋಲ್ ಬಿಡೋದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಸುಮ್ನೆ ಐಡ್ಲಿಂಗ್‌ಗೆ ಪೆಟ್ರೋಲ್ ಸುಡುತ್ತದೆ. ತುಂಬಾ ಜನ ಇದನ್ನ ಉಲ್ಟಾ ತಿಳ್ಕೊಂಡಿದ್ದಾರೆ.

ಹೈವೇಯಲ್ಲಿ ಟಾಪ್, ಅಂದರೆ ಕಾರಿನ ಮಡಚೋ ಛಾವಣಿ, ಮುಚ್ಚಿಡಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಟಾಪ್ ತೆರೆದರೆ ಅದು ಇನ್ನೂ ಜಾಸ್ತಿ. ಗಂಟೆಗೆ 75 ಮೈಲಿ ಬದಲು 65ರಲ್ಲಿ ಹೋಗಿ ನೋಡಿ, ವ್ಯತ್ಯಾಸ ಮೀಟರಲ್ಲೇ ಕಾಣುತ್ತದೆ. ತಿಂಗಳಿಗೊಮ್ಮೆ ಟೈರ್ ಗಾಳಿ ನೋಡ್ತಾ ಇರಿ, ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಲ್ಲೇ ಇರುತ್ತದೆ.