ಕೆಂಪಿಯನ್ನು ಬರ್ಲಿನ್‌ಗೆ ಕರೆತರುವ ಮುಂಚೆ

ಮೈಸೂರಿನಿಂದ ಬರ್ಲಿನ್‌ಗೆ ಬರ್ತಿದ್ದೇವೆ, ಜೊತೆಗೆ ನಾಲ್ಕು ವರ್ಷದ ಊರ ನಾಯಿ ಕೆಂಪಿ, ಅಲ್ಲಿ ಅವಳಿಗೆ ಡಾಕ್ಟರ್ ಸಿಗ್ತಾರಾ, ಎಷ್ಟು ದುಡ್ಡು ಎತ್ತಿಡಬೇಕು ಅಂತ ಕೇಳಿದ್ದೀರಿ. ಡಾಕ್ಟರ್ ಸಿಗುತ್ತಾರೆ. ನಿಮಗೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ, ಅದೇ ತಾಪತ್ರಯ.

ನನಗೆ ಬುದ್ಧಿ ಬಂದದ್ದು ಒಣದ್ರಾಕ್ಷಿಯಿಂದ. ಮೊದಲ ಚಳಿಗಾಲ, ಶನಿವಾರ ರಾತ್ರಿ, ಕೇಸರಿಭಾತಿಗೆ ತೆಗೆದಿಟ್ಟ ದ್ರಾಕ್ಷಿಯನ್ನು ನಮ್ಮ ನಾಯಿ ಪೊಟ್ಟಣದ ಸಮೇತ ಖಾಲಿ ಮಾಡಿತ್ತು. ದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡವೇ ಕೆಡಬಹುದು ಅಂತ ಗೊತ್ತಾಗಿ ಫೋನ್ ಹಿಡಿದರೆ ಮೂರು ಕಡೆ ರೆಕಾರ್ಡ್ ಮಾಡಿಟ್ಟ ಜರ್ಮನ್ ದನಿ. ನಾಲ್ಕನೆಯವರು ಬನ್ನಿ ಅಂದರು, ಊರಿನ ಆ ತುದಿಯಲ್ಲಿ. ನಾಯಿ ಬದುಕಿತು. ಬಿಲ್ಲು 430 ಯೂರೋ, ಅಲ್ಲೇ ಕಾರ್ಡ್ ಉಜ್ಜಿ ಬಂದೆ.

ಮೋಸ ಅಂದುಕೊಂಡಿದ್ದೆ, ಅಲ್ಲ. ಇಲ್ಲಿ ಪಶುವೈದ್ಯರ ಫೀಸಿಗೆ ಕಾನೂನೇ ಇದೆ, ಜಿಒಟಿ (GOT) ಅಂತಾರೆ, ಈಗಿನದು 2022ರ ನವೆಂಬರ್‌ನಲ್ಲಿ ಬಂದದ್ದು. ನಾಯಿಯನ್ನು ಸುಮ್ನೆ ಒಮ್ಮೆ ಪರೀಕ್ಷೆ ಮಾಡಿದರೆ 23.62 ಯೂರೋ, ಮೇಲೆ 19% ತೆರಿಗೆ. ಕಷ್ಟದ ಕೇಸಾದರೆ ಇದರ ಮೂರು ಪಟ್ಟಿನವರೆಗೂ ಹಾಕಬಹುದು. ಆ 23.62ಕ್ಕಿಂತ ಕಡಿಮೆ ಸಾಮಾನ್ಯವಾಗಿ ಯಾರೂ ತಗೊಳ್ಳುವ ಹಾಗಿಲ್ಲ, ಹಾಗಾಗಿ ಅಗ್ಗದ ಡಾಕ್ಟರ್ ಹುಡುಕಿ ಪ್ರಯೋಜನವಿಲ್ಲ. ಬೆಲೆ ಬದಲಾಗುವುದು ಗಡಿಯಾರ ನೋಡಿ. ಸಂಜೆ 6ರಿಂದ ಬೆಳಿಗ್ಗೆ 8, ಶನಿವಾರ, ಭಾನುವಾರ, ರಜಾದಿನ, ಈ ಹೊತ್ತಲ್ಲಿ ತುರ್ತು ಸೇವೆಗೆ ಹೋದರೆ ಕನಿಷ್ಠ ಎರಡು ಪಟ್ಟು, ಮೇಲೆ 50 ಯೂರೋ ತುರ್ತು ಶುಲ್ಕ. ಅಂದರೆ ಹಗಲಲ್ಲಿ 28 ಯೂರೋಗೆ ಮುಗಿಯುವ ಪರೀಕ್ಷೆಗೇ ರಾತ್ರಿ ತೆರಿಗೆ ಸೇರಿ ಸುಮಾರು 116. ರಕ್ತ ಪರೀಕ್ಷೆ, ಔಷಧಿ ಬೇರೆ.

ಅದಕ್ಕೇ ಹೇಳ್ತಿದ್ದೇನೆ, ಬಂದ ಮೊದಲ ಎರಡು ವಾರದಲ್ಲೇ ನಡೆದು ಹೋಗುವಷ್ಟು ದೂರದ ಕ್ಲಿನಿಕ್‌ನಲ್ಲಿ ಒಂದು 'ಟೆರ್ಮೀನ್' (ಅಪಾಯಿಂಟ್‌ಮೆಂಟ್) ತೆಗೆದುಕೊಂಡು ಕೆಂಪಿಯನ್ನು ತೋರಿಸಿ, ಕಾಯಿಲೆ ಇಲ್ಲದಿದ್ದರೂ. ಹೊಸಬರನ್ನು ತಗೊಳ್ಳಲ್ಲ ಅನ್ನುವ ಕ್ಲಿನಿಕ್‌ಗಳೂ ಇವೆ. ಊರಿನ ಚೀಟಿಗಳನ್ನೆಲ್ಲ ತನ್ನಿ. ಮುಖ್ಯವಾಗಿ ಅವಳಿಗೆ ಹಿಂದೆ ಉಣ್ಣಿ ಜ್ವರ ಬಂದಿದ್ದರೆ ಮೊದಲೇ ಹೇಳಿ. ನಮ್ಮ ಕಡೆ ಅದು ಮಾಮೂಲು, ಇಲ್ಲಿನವರಿಗೆ ಥಟ್ ಅಂತ ಹೊಳೆಯದೇ ಇರಬಹುದು.

ಇನ್ಶೂರೆನ್ಸ್ ಎರಡು ತರ, ಕಲೆಸಿಕೊಳ್ಳಬೇಡಿ. ಕೆಂಪಿ ಯಾರನ್ನಾದರೂ ಕಚ್ಚಿದರೆ ಕೊಡುವ 'ಹಾಫ್ಟ್‌ಫ್ಲಿಷ್ಟ್' ಬರ್ಲಿನ್‌ನಲ್ಲಿ ಕಡ್ಡಾಯ. ಅವಳ ಚಿಕಿತ್ಸೆಯದು ನಿಮ್ಮಿಷ್ಟ. ನಾನಾದರೆ ಆಪರೇಷನ್‌ಗೆ ಮಾತ್ರ ಇರುವುದನ್ನು ಮಾಡಿಸಿ, ಉಳಿದದ್ದಕ್ಕೆ ತಿಂಗಳಿಗೆ 50 ಯೂರೋ ಬೇರೆ ಅಕೌಂಟಿಗೆ ಹಾಕ್ತೀನಿ. ಆದರೆ ಬಂದ ತಕ್ಷಣ ಮಾಡಿಸಿ, ಕಾಯಿಲೆ ಪತ್ತೆಯಾದ ಮೇಲೆ ಅದಕ್ಕೆ ಕೊಡಲ್ಲ. ಇದರ ಜೊತೆ ನಾಯಿ ತೆರಿಗೆ ವರ್ಷಕ್ಕೆ 120 ಯೂರೋ, ನಾಯಿಗೆ ಅದರಿಂದ ಒಂದು ಬಿಸ್ಕತ್ತೂ ಸಿಗಲ್ಲ ಅನ್ನುವುದು ಬೇರೆ ಮಾತು.

ಟಿಕೆಟ್ ಬುಕ್ ಆಗಿಲ್ಲ ತಾನೇ? ಮೊದಲು ಚರ್ಮದಡಿ ಹಾಕುವ ಗುರುತಿನ ಚಿಪ್, ಆಮೇಲೆ ರೇಬಿಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ಲಸಿಕೆ ಹಿಡಿದಿದೆಯಾ ಅಂತ ನೋಡಲು ರಕ್ತ ತೆಗೆದು ಯುರೋಪಿನ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು, ಭಾರತದಿಂದ ಬರುವ ನಾಯಿಗೆ ವಿನಾಯಿತಿ ಇಲ್ಲ.

ಮತ್ತೆ ಒಂದು. ಡಿಸೆಂಬರ್ 31ರ ರಾತ್ರಿ ಇಲ್ಲಿ ಹೊಡೆಯುವ ಪಟಾಕಿ ಮುಂದೆ ನಮ್ಮ ದೀಪಾವಳಿ ಏನೂ ಅಲ್ಲ. ಕೆಂಪಿ ಪಟಾಕಿಗೆ ಹೆದರುವವಳಾದರೆ ನವೆಂಬರ್‌ನಲ್ಲೇ ಡಾಕ್ಟರ್ ಹತ್ತಿರ ಮಾತ್ರೆ ಕೇಳಿಟ್ಟುಕೊಳ್ಳಿ, ಕ್ರಿಸ್‌ಮಸ್ ವಾರದಲ್ಲಿ ಟೆರ್ಮೀನ್ ಸಿಗುವುದು ಕಷ್ಟ.